ಮಲಾಡಿನ ಐದು ಶನಿವಾರಗಳು

ಮತ್ತೊಬ್ಬರ ದೇಹದ ಬಗ್ಗೆ ನಿಮಗೆ ಖಚಿತವಾದ ಒಂದು ಅಭಿಪ್ರಾಯವಿದೆ ಎಂದಿಟ್ಟುಕೊಳ್ಳಿ. ಅದನ್ನು ಅವರ ಎಲುಬಿನ ಮೇಲೆ ಪ್ರಯೋಗಿಸಿ ನೋಡುವ ಅಧಿಕಾರ ನಿಮಗೆ ಯಾರಿಂದ ಬಂತು?

ಈ ಪ್ರಶ್ನೆಯನ್ನು ಇತರರಿಗೆ ಕೇಳಬೇಕೆಂದು ಸಿದ್ಧಪಡಿಸಿಕೊಂಡೇ ನಾನು ಮುಂಬಯಿಗೆ ಹೊರಟಿದ್ದೆ. ಮಂಡ್ಯದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಪಾಠ ಮಾಡುವವನು ನಾನು. ವಿದ್ಯಾರ್ಥಿದೆಸೆಯಿಂದಲೂ ಚರ್ಚಾಸ್ಪರ್ಧೆಗಳ ವೇದಿಕೆ ಹತ್ತಿದವನು. ವರದಕ್ಷಿಣೆ, ಹೆಣ್ಣು ನೋಡುವ ಶಾಸ್ತ್ರ, ಜಾತಕ, ಇವುಗಳ ವಿರುದ್ಧ ಊರೂರು ತಿರುಗಿ ಮಾತನಾಡಿದವನು. ಅಂಥವನಿಗೆ ದಸರಾ ರಜೆ ಹತ್ತಿರವಾದಾಗ ಅಕ್ಕ ಸಾವಿತ್ರಿಯ ಕಾಗದ ಬಂತು. ಮಲಾಡಿನಲ್ಲಿರುವ ಅವಳ ಮಗಳು ವತ್ಸಲೆ, ಇಪ್ಪತ್ತನಾಲ್ಕು ವರ್ಷದವಳು, ಎರಡೂ ಮೊಣಕಾಲುಗಳ ಕೆಳಗಿನ ಎಲುಬನ್ನು ಸೀಳಿಸಿಕೊಂಡು ಎತ್ತರವಾಗುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ಕುಂಟಿಲ್ಲ, ಮುರಿತವಿಲ್ಲ, ಹುಟ್ಟಿನ ಊನವಿಲ್ಲ. ಎತ್ತರ ಸಾಲದು ಎಂಬುದೊಂದೇ ಕಾರಣ. "ಮೊದಲೇ ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ" ಎಂದು ಅಕ್ಕ ಬರೆದಿದ್ದಳು.

ಎರಡು ರಾತ್ರಿ ಕುಳಿತು ನನ್ನ ವಾದಗಳನ್ನು ಜೋಡಿಸಿಕೊಂಡೆ. ತಿದ್ದಬೇಕಾದ್ದು ಸಮಾಜ, ಎಲುಬಲ್ಲ. ಇದು ಮೊದಲ ವಾಕ್ಯ.

ದಹಿಸರ್

ಸಂಜೆ ಬೆಂಗಳೂರಿನ ರೈಲಿನಿಂದ ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ, ಎದುರಿಗೆ ಬಂದ ಲೋಕಲ್ ಹತ್ತಿದೆ. ಹತ್ತಿದೆ ಎನ್ನುವುದು ಉತ್ಪ್ರೇಕ್ಷೆ. ಜನ ಹತ್ತಿದರು, ಅವರ ನಡುವೆ ನಾನೂ ಒಳಗೆ ಬಂದಿದ್ದೆ. ಮೇಲೆ ಸಾಲಾಗಿ ತೂಗುವ ಹಿಡಿಕೆಗಳಲ್ಲೊಂದನ್ನು ಹಿಡಿದು ನಿಂತೆ. ನಾನು ಐದಡಿ ಹತ್ತಂಗುಲ. ಕೈ ತಾನಾಗಿ ಮೇಲೆ ಹೋಯಿತು.

"ಮಲಾಡ್ ಯಾವಾಗ ಬರುತ್ತದೆ?" ಎಂದು ಪಕ್ಕದವರನ್ನು ನನಗೆ ಬರುವಷ್ಟು ಹಿಂದಿಯಲ್ಲಿ ಕೇಳಿದೆ. ಅವರು ನನ್ನನ್ನು ತಲೆಯಿಂದ ಚೀಲದವರೆಗೆ ನೋಡಿ, "ಯೇ ವಿರಾರ್ ಫಾಸ್ಟ್ ಹೈ, ಮಾಸ್ಟರ್‌ಜೀ. ಮಲಾಡಿನಲ್ಲಿ ನಿಲ್ಲುದಿಲ್ಲ, ಕಿಟಕಿಯಿಂದ ನೋಡ್ಕೊಳ್ಳಿ," ಎಂದರು. ಮೊದಲರ್ಧ ಹಿಂದಿ, ಕೊನೆಯರ್ಧ ಅಚ್ಚಗನ್ನಡ. ಉಡುಪಿ ಕಡೆಯವರಂತೆ. "ಬೊರಿವಲಿಯಲ್ಲಿ ಇಳೀತೇನೆ ಅಂತ ಬಾಯಿ ಬಿಡ್ಬೇಡಿ ಮಾರಾಯ್ರೆ. ಅಲ್ಲಿಗೆ ಬೇರೆ ಗಾಡಿ ಉಂಟಲ್ಲ, ದೂರದವರ ಈ ಗಾಡಿ ಹತ್ತಿ ಬೊರಿವಲಿಯಲ್ಲಿ ಇಳಿಯುವವರನ್ನು ಕಂಡ್ರೆ ಇವರಿಗೆ ಆಗುದಿಲ್ಲ."

ಅವರ ಮಾತು ನಿಜವಾಯಿತು. ಬೊರಿವಲಿಯಲ್ಲಿ ಬಾಗಿಲ ಬಳಿ ನಿಂತವರು ಗೋಡೆಯಂತೆ ನಿಂತರು. ನಾನು ದಹಿಸರ್‌ನಲ್ಲಿ ಇಳಿದೆ, ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಮಂಡ್ಯದ ಬಸ್ಸಿನಲ್ಲಿ ಕಂಡಕ್ಟರನೊಂದಿಗೆ ಹತ್ತು ನಿಮಿಷ ವಾದಿಸಿದರೆ ಬಸ್ಸು ನಿಲ್ಲುವುದುಂಟು. ಇಲ್ಲಿ ವಾದಕ್ಕೆ ಸಮಯವೇ ಇಲ್ಲ. ಗಾಡಿ ಇಪ್ಪತ್ತು ಸೆಕೆಂಡು ನಿಲ್ಲುತ್ತದೆ, ತೀರ್ಪು ಆಗಲೇ ಆಗಿಹೋಗಿರುತ್ತದೆ.

ಮಲಾಡ್, ಮೂರನೆಯ ಮಹಡಿ

ನಿಧಾನದ ಗಾಡಿ ಹಿಡಿದು ಮಲಾಡಿಗೆ ಹಿಂದಿರುಗಿದೆ. ಲಿಫ್ಟ್ ಇಲ್ಲದ ಬಿಲ್ಡಿಂಗು. ಎರಡು ಕೋಣೆಯ ಮನೆಯಲ್ಲಿ ಮೂವರು: ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕ, ವತ್ಸಲೆ, ಮತ್ತು ಭಾವನ ತಾಯಿ. ಭಾವ ನಾಗಪುರಕ್ಕೆ ವರ್ಗವಾಗಿದ್ದರು. ಆ ಹಿರಿಯಾಕೆಯನ್ನು ಎಲ್ಲರೂ ಅಜ್ಜಿ ಎನ್ನುತ್ತಾರೆ, ನಾನು ಅಮ್ಮ ಎನ್ನುತ್ತೇನೆ. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ, ಸ್ವಲ್ಪ ಗೌರವದಿಂದ, ಹೆಚ್ಚು ಚೇಷ್ಟೆಯಿಂದ.

ಒಳಗೆ ಹೋದವನ ಕಣ್ಣಿಗೆ ಮೊದಲು ಬಿದ್ದದ್ದು ವತ್ಸಲೆಯ ಕಾಲುಗಳು. ಮೊಣಕಾಲಿನಿಂದ ಪಾದದ ಮೇಲಿನ ಹರಡಿನವರೆಗೆ ಉಕ್ಕಿನ ಬಳೆಗಳು. ಬಳೆಗಳಿಂದ ಚರ್ಮದೊಳಗೆ ಹೊಕ್ಕು ಎಲುಬನ್ನು ದಾಟಿ ಆಚೆ ಬಂದ ತಂತಿಗಳು. ಬಳೆಗೂ ಬಳೆಗೂ ನಡುವೆ ತಿರುಪಿನ ಸುತ್ತುಗಳಿರುವ ಸರಳುಗಳು, ಅವುಗಳ ಮೇಲೆ ನಟ್ಟುಗಳು. ದಿನಕ್ಕೆ ನಾಲ್ಕು ಸಲ, ಸ್ಪ್ಯಾನರ್ ಹಿಡಿದು ಪ್ರತಿ ನಟ್ಟನ್ನೂ ಒಂದು ಸುತ್ತಿನ ನಾಲ್ಕನೆಯ ಒಂದು ಭಾಗದಷ್ಟು ತಿರುಗಿಸಬೇಕು. ನಾಲ್ಕು ಸಲಕ್ಕೆ ಒಂದು ಮಿಲಿಮೀಟರ್. ಸೀಳಿದ ಎಲುಬಿನ ಎರಡು ತುದಿಗಳು ಅಷ್ಟು ದೂರ ಸರಿಯುತ್ತವೆ, ನಡುವಿನ ಜಾಗದಲ್ಲಿ ಹೊಸ ಎಲುಬು ಹುಟ್ಟುತ್ತದೆ.

ಅಕ್ಕ ಚಹಾ ಮಾಡಲು ಹೋದಾಗ ನಾನು ಆರಂಭಿಸಿದೆ. "ವತ್ಸಲಾ, ನಿನ್ನನ್ನು ಒಪ್ಪದ ಗಂಡಿಗಾಗಿ ನೀನು..."

"ಮಾವ, ಮದುವೆಗಲ್ಲ ಇದು," ಎಂದಳು. ಮುಂಬಯಿಯಲ್ಲೇ ಹುಟ್ಟಿದ ಅವಳ ಕನ್ನಡ ತಡೆದು ತಡೆದು ಬರುತ್ತದೆ. "ಮದುವೆ ಬಾತ್ ಯಾರೂ ತೆಗ್ದಿಲ್ಲ. ನಾನು ಬ್ಯಾಂಕ್‌ನಲ್ಲಿ ಕೌಂಟರ್ ಹಿಂದೆ ಕೂತಿರ್ತೀನಿ ನಾ, ಕಸ್ಟಮರ್ ಬಂದು 'ಕೋಯಿ ಹೈ ಕ್ಯಾ' ಅಂತ ಕೇಳ್ತಾರೆ. ನಾನು ಅಲ್ಲೇ ಇರ್ತೀನಿ. ಕೈ ಎತ್ತಿ ತೋರಿಸ್ಬೇಕು. ಮತ್ತೆ ಲೋಕಲ್‌ನಲ್ಲಿ ಆ ಹಿಡಿಕೆ ನನ್ಗೆ ಸಿಗಲ್ಲ. ಯಾರದೋ ಬ್ಲೌಸ್ ಹಿಡಿದು ನಿಂತ್ಕೋತೀನಿ, ಅವರು ಬೈತಾರೆ. ಆರು ವರ್ಷ ಬೈಸ್ಕೊಂಡೆ."

"ಹಾಗಾದರೆ ಬದಲಾಗಬೇಕಾದ್ದು ಹಿಡಿಕೆ," ಎಂದೆ.

"ಹಾಂ, ಬದಲಾಗ್ಲಿ. ಅಲ್ಲಿವರೆಗೆ ನಾನು ಯಾರ ಬ್ಲೌಸ್ ಹಿಡೀಲಿ, ನೀವೇ ಹೇಳಿ."

ನನ್ನ ಇಪ್ಪತ್ತು ವರ್ಷಗಳ ವೇದಿಕೆಯ ಬದುಕಿನಲ್ಲಿ ಇಷ್ಟು ಬೇಗ ಸೋತದ್ದಿಲ್ಲ. ಸೋತವನು ಸುಮ್ಮನಿರಬೇಕಿತ್ತು. ಚರ್ಚಾಪಟುವಿಗೆ ಒಂದು ದುರಭ್ಯಾಸವಿದೆ. ಎದುರು ಪಕ್ಷದ ವಾದ ಸರಿಯೆನಿಸಿದರೆ ಅವನು ಮೌನ ತಾಳುವುದಿಲ್ಲ, ಆ ಪಕ್ಷಕ್ಕೆ ದಾಟಿ ಅದರ ಮುಂದಾಳಾಗುತ್ತಾನೆ. ಊಟದ ಹೊತ್ತಿಗೆ ನಾನು ವತ್ಸಲೆಯ ವಕೀಲನಾಗಿದ್ದೆ.

ಅವಳು ದಿಂಬಿನ ಕೆಳಗಿಂದ ಒಂದು ಗ್ರಾಫ್ ಕಾಗದ ತೆಗೆದು ತೋರಿಸಿದಳು. ಭಾಂಡುಪಿನ ನರ್ಸಿಂಗ್ ಹೋಮಿನ ಡಾಕ್ಟರು ಬರೆದುಕೊಟ್ಟದ್ದು. ಮೂರು ರೇಖಾಚಿತ್ರಗಳು. ಮೊದಲನೆಯದು ಇದ್ದ ಹಾಗೆ ವತ್ಸಲೆ, ನಾಲ್ಕಡಿ ಎಂಟಂಗುಲ. ಎರಡನೆಯದು ಎರಡು ಅಂಗುಲ ಬೆಳೆದ ವತ್ಸಲೆ. ಮೂರನೆಯದು ಅವಳು ಕೇಳಿದ ನಾಲ್ಕು ಅಂಗುಲದ್ದು, ಪೂರ್ತಿ ಐದಡಿ. ಮೂರರಲ್ಲೂ ಮುಂಡ ಅದೇ, ತೋಳು ಅದೇ, ತೊಡೆ ಅದೇ. ಬೆಳೆದದ್ದು ಮೊಣಕಾಲಿನ ಕೆಳಗಿನ ಭಾಗ ಮಾತ್ರ. ಎರಡನೆಯ ಆಕೃತಿಯನ್ನು ನೋಡಿದರೆ ವ್ಯತ್ಯಾಸವೇ ತೋರದು. ಮೂರನೆಯದು ಮರಗಾಲು ಕಟ್ಟಿಕೊಂಡು ನಿಂತವರಂತಿತ್ತು. ಅದರ ಮೇಲೆ ಡಾಕ್ಟರು ಅಡ್ಡಗೆರೆ ಎಳೆದಿದ್ದರು.

"ಎರಡೇ ಇಂಚು ಅಂತಾರೆ. ಎರಡಿಂಚಿಗೆ ಹಿಡಿಕೆಗೆ ಬೆರಳಿನ ತುದಿ ತಾಗುತ್ತೆ, ಬಸ್. ಹಿಡ್ಕೊಳ್ಳೋಕಾಗಲ್ಲ," ಎಂದಳು. "ನೀವು ಮಾತಾಡಿ ಮಾವ. ನಿಮ್ಗೆ ವಾದ ಮಾಡೋಕೆ ಬರುತ್ತಲ್ಲ."

ಶನಿವಾರ

ಅಕ್ಟೋಬರಿನ ಮುಂಬಯಿ ಬೆಳಿಗ್ಗೆ ಆರಕ್ಕೇ ಬೆವರುತ್ತದೆ. ಗುರುವಾರ, ಶುಕ್ರವಾರ ಅಕ್ಕ ನಟ್ಟು ತಿರುಗಿಸುವುದನ್ನು ನೋಡಿದ್ದೆ. ಶನಿವಾರ ಆರು ಹೊಡೆಯಿತು, ಯಾರೂ ಸ್ಪ್ಯಾನರ್ ಮುಟ್ಟಲಿಲ್ಲ.

"ಅಕ್ಕಾ, ಹೊತ್ತಾಯಿತಲ್ಲ?"

ಅಕ್ಕ ಅಡುಗೆಮನೆಯ ಕಡೆ ಕಣ್ಣು ತೋರಿಸಿದಳು. ಅಲ್ಲಿಂದಲೇ ಅಜ್ಜಿ ಉತ್ತರಿಸಿದರು. "ಇವತ್ತು ಶನಿವಾರ, ಮೇಷ್ಟ್ರೇ. ಕಬ್ಬಿಣಕ್ಕೆ ಕೈ ಹಾಕಬಾರದು."

ಶನಿವಾರ ಕಬ್ಬಿಣ ಕೊಂಡು ಮನೆಗೆ ತರಬಾರದೆಂಬ ನಂಬಿಕೆಯನ್ನು ನಾವೆಲ್ಲ ಕೇಳಿದ್ದೇವೆ. ಈಕೆ ಅದನ್ನು ಮೊಮ್ಮಗಳ ಕಾಲಿನವರೆಗೂ ವಿಸ್ತರಿಸಿದ್ದರು.

"ಅಮ್ಮ, ಇದು ಕಬ್ಬಿಣವಲ್ಲ, ಸ್ಟೀಲು."

"ಸ್ಟೀಲನ್ನ ಏನು ಬೆಣ್ಣೆಯಿಂದ ಮಾಡ್ತಾರಾ?"

"ದಿನಕ್ಕೊಂದು ಮಿಲಿಮೀಟರ್ ಎಂದು ಡಾಕ್ಟರು ಹೇಳಿರುವಾಗ..."

"ಡಾಕ್ಟರನ್ನ ಕೇಳಿದೀನಪ್ಪ. ವಾರಕ್ಕೊಂದಿನ ಬಿಟ್ಟರೆ ಬಿಡಿ ಅಂದಿದಾರೆ."

ಈ ಮಾತನ್ನು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೆ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಆದರೆ ಅದನ್ನು ಸಾಕ್ಷ್ಯವೆಂದು ಪರಿಗಣಿಸಲಿಲ್ಲ. ಹಿರಿಯಾಕೆಯ ಮನಸ್ಸು ನೋಯಿಸಬಾರದೆಂದು ಡಾಕ್ಟರು ಹೂಂಗುಟ್ಟಿರಬೇಕು ಎಂದು ನಾನೇ ತೀರ್ಮಾನಿಸಿದೆ. ಗೋಡೆಯ ಕ್ಯಾಲೆಂಡರ್ ನೋಡಿದೆ. ಪ್ರತಿದಿನದ ಚೌಕದಲ್ಲಿ ನಾಲ್ಕು ಕುಂಕುಮದ ಚುಕ್ಕೆ. ನಾಲ್ಕು ಶನಿವಾರಗಳ ಚೌಕ ಖಾಲಿ, ಇಂದಿನದು ಸೇರಿ ಐದು. ಒಬ್ಬ ಹೆಣ್ಣುಮಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಐದು ಮಿಲಿಮೀಟರನ್ನು ಮೂಢನಂಬಿಕೆ ನುಂಗಿದೆ ಎಂದು ನನಗೆ ಕಂಡಿತು. ಇದಕ್ಕಿಂತ ಸ್ಪಷ್ಟವಾದ ಮೊಕದ್ದಮೆ ನನ್ನ ಸಾರ್ವಜನಿಕ ಜೀವನದಲ್ಲಿ ಸಿಕ್ಕಿರಲಿಲ್ಲ.

ಕೆಳಗಿನ ಕಿರಾಣಿ ಅಂಗಡಿಗೆ ಹೋಗಿ ಅಲ್ಲಿನ ಫೋನಿನಿಂದ ನರ್ಸಿಂಗ್ ಹೋಮಿಗೆ ತಿರುಗಿಸಿದೆ. ಎಂಗೇಜ್ ಇತ್ತು. ಒಂದೇ ಸಲ ತಿರುಗಿಸಿದೆ.

ಭಾನುವಾರದಿಂದ ಮಂಗಳವಾರ

ನನ್ನ ಲೆಕ್ಕ ಸರಳವಾಗಿತ್ತು. ಐದು ದಿನ, ದಿನಕ್ಕೆ ನಾಲ್ಕರ ಬದಲು ಎಂಟು ಸಲ. ಬಾಕಿ ತೀರುತ್ತದೆ.

"ನಾಗೂ, ಡಾಕ್ಟರನ್ನ ಒಂದ್ಮಾತು ಕೇಳ್ಬೇಡ್ವೇನೋ?" ಎಂದಳು ಅಕ್ಕ.

"ಅವರು ಹೇಳಿದ ಒಟ್ಟು ಮೊತ್ತವನ್ನು ನಾವು ಮೀರುತ್ತಿಲ್ಲವಲ್ಲ ಅಕ್ಕ. ತಪ್ಪಿಹೋದದ್ದನ್ನು ತುಂಬುತ್ತಿದ್ದೇವೆ ಅಷ್ಟೆ."

ಅಕ್ಕ ವತ್ಸಲೆಯ ಮುಖ ನೋಡಿದಳು. ವತ್ಸಲೆ ನನ್ನ ಮುಖ ನೋಡಿ, "ಮಾವ ಹೇಳೋದು ಸರಿ ಇದೆ," ಎಂದಳು. ಅಜ್ಜಿ ಹೂಬತ್ತಿ ಹೊಸೆಯುತ್ತ ಕುಳಿತರು.

ಭಾನುವಾರ ಎಂಟು ಸಲವೂ ನಾನೇ ಸ್ಪ್ಯಾನರ್ ಹಿಡಿದೆ. ನಟ್ಟು ತಿರುಗುವಾಗ ಏನೂ ತಿಳಿಯುವುದಿಲ್ಲ. ಬಾಗಿಲ ಚಿಲಕ ಬಿಗಿ ಮಾಡಿದಷ್ಟೇ ಸುಲಭ. ಆ ಸುಲಭವೇ ಭಯಂಕರವಾದದ್ದೆಂದು ಆಗ ಹೊಳೆಯಲಿಲ್ಲ. ಪಕ್ಕದ ಮನೆಯ ಗುಜರಾತಿ ಹೆಂಗಸರಿಬ್ಬರು ಡೋಕ್ಲಾ ತಂದರು, "ಕಿತನಾ ಹುವಾ?" ಎಂದು ಕೇಳಿದರು. ವತ್ಸಲೆ ಬೆರಳುಗಳನ್ನು ಅಗಲಿಸಿ ತೋರಿಸಿದಳು. ಆ ದಿನ ತುಸು ಹೆಚ್ಚೇ ಅಗಲಿಸಿದಳು.

ಸೋಮವಾರ ಮಧ್ಯಾಹ್ನ ಅವಳು ಊಟ ಅರ್ಧಕ್ಕೆ ಬಿಟ್ಟಳು. "ನೋವೇ?" ಎಂದೆ. "ಪಾದದ ಮೇಲೆ ಇರುವೆ ಓಡಾಡಿದ ಹಾಗೆ. ಚಲೇಗಾ ಮಾವ." ನಾನು ಮುಂದುವರಿಸಿದೆ. ಸಂಜೆ ಸ್ಪ್ಯಾನರ್ ಇಡುವಾಗ ಅವಳ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. ಸೆಕೆ ಎಂದುಕೊಂಡೆ.

ಮಂಗಳವಾರ ಮಧ್ಯಾಹ್ನ. ಅಕ್ಕ ಶಾಲೆಗೆ ಹೋಗಿದ್ದಳು. ಅಜ್ಜಿ ತಂತಿಗಳ ಬುಡ ಶುಚಿ ಮಾಡಲು ಸ್ಪಿರಿಟ್ ಹತ್ತಿ ಹಿಡಿದು ಕುಳಿತಿದ್ದರು. ಪಾದವನ್ನು ಹತ್ತಿಯಿಂದ ಒರೆಸಿದವರು ಕೈ ನಿಲ್ಲಿಸಿದರು.

"ತಣ್ಣಗೆ ಆಗ್ಲಿಲ್ವೇನೇ?"

"ಯಾವಾಗ ಒರೆಸಿದ್ರಿ?"

ಅಜ್ಜಿ ನನ್ನತ್ತ ನೋಡಲಿಲ್ಲ. "ಹೆಬ್ಬೆರಳು ಮೇಲೆತ್ತು ಮರಿ," ಎಂದರು. ಎಡಗಾಲಿನ ಹೆಬ್ಬೆರಳು ಎದ್ದಿತು. "ಇನ್ನೊಂದು." ಬಲಗಾಲಿನದು ಅಲುಗಲಿಲ್ಲ. ವತ್ಸಲೆ ನಕ್ಕಳು. ಮತ್ತೆ ಪ್ರಯತ್ನಿಸಿದಳು. ಮೊಣಕಾಲಿನ ಮೇಲಿನ ಸ್ನಾಯು ಬಿಗಿಯಿತು, ಕತ್ತಿನ ನರ ಉಬ್ಬಿತು, ಹೆಬ್ಬೆರಳು ಮಾತ್ರ ಬೇರೆಯವರದೆಂಬಂತೆ ಬಿದ್ದಿತ್ತು. ಅವಳ ನಗು ಮುಖದ ಮೇಲೆ ಹಾಗೇ ಉಳಿದು, ಅರ್ಥ ಕಳೆದುಕೊಂಡಿತು.

"ಮಾವ," ಎಂದಳು, "ನಂದು ಕಾಲು ಎಲ್ಲಿ ಹೋಯ್ತು?"

ಭಾಂಡುಪ್‌ಗೆ

ಮುಂಬಯಿಯ ಜನರನ್ನು ಕುರಿತು ನಾನು ಕೇಳಿದ್ದು, ಅವರಿಗೆ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ ಎಂದು. ನಾನು ಮೆಟ್ಟಿಲ ಬಳಿ ನಿಂತು ಕೂಗಿದ ಕ್ಷಣಕ್ಕೆ ಎರಡನೆಯ ಮಹಡಿಯಿಂದ ಮೂವರು ಗಂಡಸರು ಬಂದರು. ಒಬ್ಬರ ಕೆನ್ನೆಯಲ್ಲಿ ಶೇವಿಂಗ್ ಸೋಪು ಹಾಗೇ ಇತ್ತು. ಏನಾಯಿತು, ಯಾಕಾಯಿತು, ಯಾರು ಮಾಡಿದರು, ಒಂದು ಪ್ರಶ್ನೆಯಿಲ್ಲ. ಕುರ್ಚಿ ತಂದರು, ವತ್ಸಲೆಯನ್ನು ಕೂರಿಸಿದರು, ಇಬ್ಬರು ಕುರ್ಚಿ ಹಿಡಿದರು, ಒಬ್ಬರು ಉಕ್ಕಿನ ಬಳೆಗಳನ್ನು ಎರಡೂ ಕೈಯಲ್ಲಿ ತೂಕದ ಪದಾರ್ಥದಂತೆ ಹಿಡಿದು ಹಿಮ್ಮುಖವಾಗಿ ಮೆಟ್ಟಿಲಿಳಿದರು. ನಮ್ಮೂರಿನಲ್ಲಾಗಿದ್ದರೆ ಮೊದಲು ಹತ್ತು ಪ್ರಶ್ನೆ, ಆಮೇಲೆ ಕುರ್ಚಿ. ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ತಿಳಿಯದು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅವಳು ಕಾಲು ಚಾಚಿ, ಬೆನ್ನು ಅಜ್ಜಿಯ ಎದೆಗೆ ಕೊಟ್ಟು ಕುಳಿತಳು. ನಾನು ಮುಂದೆ. ಹಾಲಿನ ಡೈರಿಯ ಕಾಲೊನಿಯ ಮರಗಳ ರಸ್ತೆ ಹಿಡಿದು ಪೊವಾಯಿಯ ಕೆರೆ ದಾಟಿ ಹೋಗಬೇಕು. ಡ್ರೈವರ್ ಪ್ರತಿ ಹಳ್ಳಕ್ಕೂ ಮುಂಚೆ "ಬೇಟಿ, ಗಡ್ಢಾ," ಎಂದು ಎಚ್ಚರಿಸಿ, ನಡೆಯುವವರ ವೇಗಕ್ಕಿಳಿದು ದಾಟಿಸುತ್ತಿದ್ದರು. ಗಡ್ಢಾ ಎಂದಾಗಲೆಲ್ಲ ವತ್ಸಲೆ ಉಸಿರು ಹಿಡಿಯುತ್ತಿದ್ದಳು. ಅದು ನೋವಿಗಲ್ಲ. ಬಲಪಾದದಲ್ಲಿ ನೋವಾದೀತೇನೋ ಎಂಬ ಆಸೆಗೆ. ಆಗಲಿಲ್ಲ.

ಅರ್ಧ ದಾರಿಯಲ್ಲಿ ಅವಳು, "ಮಾವ, ನೀವೊಬ್ರೇ ಅಲ್ಲ. ಶನಿವಾರ ಬಿಟ್ಟಿದ್ದನ್ನ ಮರುದಿನ ಕೂಡಿಸ್ಬೇಡಿ ಅಂತ ಡಾಕ್ಟರ್ ನನ್ ಎದುರೇ ಹೇಳಿದ್ರು. ನಾನು ಸುಮ್ನಿದ್ದೆ. ಆ ಎರಡಿಂಚು, ಐವತ್ತು ಮಿಲಿಮೀಟರ್, ಬೇಗ ಆದ್ರೆ ನೀವು ಡಾಕ್ಟರ್ ಹತ್ರ ಮಾತಾಡಿ ಇನ್ನಷ್ಟು ಕೊಡಿಸ್ತೀರಿ ಅಂದ್ಕೊಂಡೆ," ಎಂದಳು.

ಅಜ್ಜಿ ಅವಳ ಕೂದಲು ಸರಿಪಡಿಸಿದರು. "ಈಗ ಬೇಡ ಬಿಡು."

ಡಾಕ್ಟರು ಧಾರವಾಡದ ಕಡೆಯವರು. ಅಂಗಾಲಿನಿಂದ ಹರಡಿನವರೆಗೆ ಸೂಜಿಯಿಂದ ಚುಚ್ಚಿ ನೋಡಿ, ಚರ್ಮ ಸತ್ತಂತಿದ್ದ ಭಾಗಕ್ಕೆ ಪೆನ್ನಿನಿಂದ ಗೆರೆ ಎಳೆದರು. ಆಮೇಲೆ ನಟ್ಟುಗಳ ಮೇಲಿನ ಗುರುತು ನೋಡಿದರು.

"ಇದನ್ನ ತಿರುವಿದವರು ಯಾರ್ರಿ?"

"ನಾನು," ಎಂದೆ. ಶನಿವಾರಗಳ ಲೆಕ್ಕ ಹೇಳಿದೆ. ಹೇಳುತ್ತ ಹೋದಂತೆ ಅದು ಎಷ್ಟು ಅಚ್ಚುಕಟ್ಟಾದ ಲೆಕ್ಕವೆಂದು ನನಗೇ ಕೇಳಿಸಿತು.

"ಶನಿವಾರ ಬಿಟ್ಟಿದ್ದು ನಾನ ಒಪ್ಪಿದ ಮ್ಯಾಲೇ ಬಿಟ್ಟಿದ್ದು. ವಾರಕ್ಕೊಂದಿನ ಬಿಟ್ರ ಐವತ್ತು ಮಿಲಿಮೀಟರ್ ಆಗೂದು ಎಂಟು ದಿನ ತಡ ಆಗ್ತದ, ಅಷ್ಟ. ಎಲುಬು ಎಳದಷ್ಟು ಬೆಳೀತದ್ರೀ, ಅದು ಭಾಳ ಒಳ್ಳೇದು. ನರ ಹಂಗಲ್ಲ. ಅದು ಬೆಳಿಯೂದಿಲ್ಲ, ತಡಕೋತದ. ನೀವು ಅದರ ತಾಳ್ಮಿ ಮುಗಿಸೀರಿ." ಸ್ಪ್ಯಾನರ್ ಕೈಗೆತ್ತಿಕೊಂಡರು. "ಏನ್ ಕಲಸ್ತೀರಿ ಕಾಲೇಜಿನ್ಯಾಗ?"

"ತರ್ಕಶಾಸ್ತ್ರ."

ಅವರು ನಟ್ಟುಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸತೊಡಗಿದರು. ವತ್ಸಲೆ ಮನೆಯಲ್ಲಿ ಐದು ವಾರ ಮಲಗಿ ಸಂಪಾದಿಸಿದ ಎತ್ತರದಲ್ಲಿ ಒಂದು ಪಾಲು ಅವಳ ಕಣ್ಣೆದುರೇ ಸುತ್ತು ಸುತ್ತಾಗಿ ಇಳಿಯಿತು. ಅವಳು ಚಾವಣಿ ನೋಡುತ್ತ ಸುತ್ತುಗಳನ್ನು ಮರಾಠಿಯಲ್ಲಿ ಎಣಿಸುತ್ತಿದ್ದಳು. ಬ್ಯಾಂಕಿನಲ್ಲಿ ನೋಟು ಎಣಿಸುವ ಭಾಷೆ ಅದು ಎಂದು ಅಜ್ಜಿ ನನಗೆ ಮೆಲ್ಲನೆ ಹೇಳಿದರು.

"ಬೆರಳು ವಾಪಸ್ ಬರುತ್ತಾ ಡಾಕ್ಟರ್?"

"ಬರಬಹುದು ತಂಗಿ. ಬರ್ತದ ಅಂತ ಬರದು ಕೊಡಾಕ ಆಗೂದಿಲ್ಲ."

ವಾರ್ಡು

ಐದು ದಿನ ಅವಳನ್ನು ಅಲ್ಲೇ ಇರಿಸಿಕೊಂಡರು. ಹಗಲು ನಾನು, ಸಂಜೆ ಅಕ್ಕ. ಅಕ್ಕ ನನ್ನನ್ನು ಬಯ್ಯಲಿಲ್ಲ, ಊಟದ ಡಬ್ಬಿ ಮಾತ್ರ ಕಣ್ಣಿಗೆ ಕಣ್ಣು ಸೇರಿಸದೆ ಕೊಡುತ್ತಿದ್ದಳು. ಕಿಟಕಿಯಾಚೆ ಲೇತ್ ಕಾರ್ಖಾನೆಗಳ ಸಾಲು. ವತ್ಸಲೆಯ ಕಾಲಿನ ಬಳೆಗಳನ್ನೂ ಅಂಥದೊಂದು ಶೆಡ್ಡಿನಲ್ಲೇ ಕಡೆದದ್ದಂತೆ. ಬೆಳಿಗ್ಗೆ ಎಂಟಕ್ಕೆ ಡಾಕ್ಟರು ಬಂದು, "ಎತ್ತು," ಎನ್ನುತ್ತಿದ್ದರು. ಬುಧವಾರ ಇಲ್ಲ. ಗುರುವಾರ ಇಲ್ಲ. ಶುಕ್ರವಾರ ಪೆನ್ನಿನ ಗೆರೆ ಅರ್ಧ ಅಂಗುಲ ಕೆಳಗೆ ಸರಿಯಿತು, ಬೆರಳು ಇಲ್ಲ. ಆ ಮೂರು ದಿನ ಎಂಟು ಗಂಟೆಯಾಗುವ ಮುಂಚಿನ ಹದಿನೈದು ನಿಮಿಷಗಳನ್ನು ನಾನು ವಾರ್ಡಿನ ಹೊರಗೆ, ಗೋಡೆಗೆ ಮುಖಮಾಡಿ ಕಳೆದೆ. ನನ್ನ ಪರವಾಗಿ ಒಂದು ವಾದವೂ ಹೊಳೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ಆ ಗ್ರಾಫ್ ಕಾಗದ ತರಿಸಿಕೊಂಡಳು. ಗೆರೆ ಹೊಡೆದ ಮೂರನೆಯ ಆಕೃತಿಯನ್ನು ಮಡಿಸಿ ಮರೆಮಾಡಿ, ಎರಡನೆಯದನ್ನು ಬಹಳ ಹೊತ್ತು ನೋಡಿದಳು. "ಇದರಲ್ಲಿ ಪಾದ ಎಷ್ಟು ನೀಟಾಗಿ ನೆಲದ ಮೇಲಿದೆ, ಅಲ್ವಾ ಮಾವ. ನಾನು ಇಷ್ಟು ದಿನ ತಲೆ ಮಾತ್ರ ನೋಡ್ತಿದ್ದೆ."

ಶನಿವಾರ ಡಾಕ್ಟರು "ಎತ್ತು" ಎಂದಾಗ ನಾನು ಒಳಗೇ ಇದ್ದೆ. ಬಲಗಾಲಿನ ಹೆಬ್ಬೆರಳು ಏಳಲಿಲ್ಲ, ನಡುಗಿತು. ಗಾಳಿಗೆ ಹುಲ್ಲಿನ ತುದಿ ಅಲುಗಿದಷ್ಟು. ಡಾಕ್ಟರು ಕನ್ನಡಕ ತೆಗೆದು ಮತ್ತೊಮ್ಮೆ ಎನ್ನುವಂತೆ ಕೈಮಾಡಿದರು. ಮತ್ತೊಮ್ಮೆ ನಡುಗಿತು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, "ಮೇಷ್ಟ್ರೇ, ಕೂತ್ಕೊಳ್ಳಿ, ಬೀಳ್ತೀರಿ," ಎಂದರು. ನಾನು ನಿಂತಲ್ಲೇ ವಾಲುತ್ತಿದ್ದೆನಂತೆ.

ಮಂಡ್ಯ

ನಾನು ಊರಿಗೆ ಬಂದು ನಾಲ್ಕು ತಿಂಗಳ ಮೇಲಾಯಿತು. ಅಕ್ಕನ ಕಾಗದಗಳು ಈಗ ಮತ್ತೆ ಉದ್ದವಾಗಿವೆ. ಮೂವತ್ತೈದು ಮಿಲಿಮೀಟರಿಗೆ ಡಾಕ್ಟರು ನಿಲ್ಲಿಸಿದರು. ನಾನು ಹೋಗದಿದ್ದರೆ ವತ್ಸಲೆಗೆ ಐವತ್ತು ದೊರೆಯುತ್ತಿತ್ತು. ಅವಳ ಹದಿನೈದು ಮಿಲಿಮೀಟರನ್ನು ಕಳೆದವನು ನಾನು, ಶನಿಯಲ್ಲ. ಬಳೆಗಳನ್ನು ಕಳಚಿದ್ದಾರೆ, ಬಲಪಾದದ ಶಕ್ತಿ ಮುಕ್ಕಾಲು ಪಾಲು ಹಿಂದಿರುಗಿದೆ. ನಡೆಯುವಾಗ ಚಪ್ಪಲಿ ಜಾರುತ್ತದೆಂದು ಹರಡಿಗೊಂದು ಪಟ್ಟಿ ಕಟ್ಟಿಕೊಂಡು ಅವಳು ಬ್ಯಾಂಕಿಗೆ ಹೋಗತೊಡಗಿದ್ದಾಳೆ. ಪಟ್ಟಿ ಎಂದು ಬಿಚ್ಚಬಹುದೆಂದು ಯಾರೂ ಹೇಳಿಲ್ಲ.

ಎತ್ತರ ಬಯಸುವುದು ತಪ್ಪೆಂದು ನಾನು ಈಗ ಭಾಷಣ ಮಾಡುವುದಿಲ್ಲ. ಅದು ಅವಳ ದೇಹ, ಅವಳ ತೀರ್ಮಾನ. ಆದರೆ ಆ ದೇಹಕ್ಕೆ ಒಂದು ಮಿತಿಯಿದೆ, ಮತ್ತು ಆ ಮಿತಿಯನ್ನು ಅಳೆದವರೊಬ್ಬರಿದ್ದರು. ಅವರನ್ನು ಕೇಳಲು ನಾನು ಎರಡನೆಯ ಸಲ ಫೋನ್ ತಿರುಗಿಸಲಿಲ್ಲ.

ಮುರಿದ ಕಾಲಿಗೋ, ಗಿಡ್ಡ ಕಾಲಿಗೋ ಈ ಉಕ್ಕಿನ ಬಳೆಗಳು ಈಗ ನಮ್ಮ ಕಡೆಯ ಆಸ್ಪತ್ರೆಗಳಿಗೂ ಬರುತ್ತಿವೆ. ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೆ. ನಿಮ್ಮ ಮನೆಯಲ್ಲಿ ಯಾರಾದರೂ ಅವನ್ನು ತೊಟ್ಟು ಮಲಗಿದ್ದರೆ, ಚಿಕಿತ್ಸೆ ಮಾಡಿದವರು ಹೇಳದ ಹೊರತು ಒಂದು ನಟ್ಟನ್ನೂ ಹೆಚ್ಚು ತಿರುಗಿಸಬೇಡಿ. ಅವರನ್ನು ನೋಡಲು ಹೋದಾಗ ಎಷ್ಟು ಬೆಳೆದಿರಿ ಎಂದು ಕೇಳಬೇಡಿ. ಎರಡೂ ಕಾಲಿನ ಹೆಬ್ಬೆರಳು ಎತ್ತಿ ತೋರಿಸಲು ಹೇಳಿ. ಏಳದಿದ್ದರೆ ಅದೇ ಗಳಿಗೆಯಲ್ಲಿ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ.